ಡಿಕ್ಕಿಯೊಳಗಿನ ಜಾಯಿಂಟು

ಗ್ಯಾರೇಜು,
ಮಾರ್ಚ್ ೧೮

ನನ್ನ ಮೊದ್ದು ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಅಮ್ಮನಿಗೆ ಮಂಡಿ ನೋವು, ನನಗೆ ಜನರ ದಡ್ಡತನ ನೋಡಿ ನೋಡಿ ತಲೆನೋವು, ಅಷ್ಟೇ. ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತವನು ನೀನು; ನಾಲ್ಕೇ ತಿಂಗಳಿಗೆ ಉತ್ತರ ಬರೆಯುತ್ತಿರುವವಳು ನಾನು. ಆದರೂ ತಡವಾದದ್ದಕ್ಕೆ ಕ್ಷಮೆ ಕೇಳು ಎಂದು ಅಮ್ಮ ಬಾಗಿಲಲ್ಲಿ ನಿಂತು ಹೇಳುತ್ತಿದ್ದಾಳೆ. ಕೇಳಿದ್ದೇನೆ, ತಗೋ.

ಮಗುವಿನ ಫೋಟೊ ನೋಡಿದೆವು. ಮೂಗು ನಮ್ಮ ಮನೆಯದು, ಪಾಪ. ಉಳಿದದ್ದೆಲ್ಲ ತಾಯಿಯ ಕಡೆಯದು, ಹಾಗಾಗಿ ಚಿಂತೆಯಿಲ್ಲ. ಅಮ್ಮ ಅವಳಿಗೆ ಎರಡು ಫ್ರಾಕು ಹೊಲಿದಿಟ್ಟಿದ್ದಾಳೆ, ಬೇರೆ ಪಾರ್ಸಲ್ಲಿನಲ್ಲಿ ಬರುತ್ತವೆ.

ನೀನು ಕೇಳಿದ್ದು ಒಂದೇ ಪ್ರಶ್ನೆ, ಅದನ್ನು ಎರಡು ಪುಟ ಸುತ್ತಿ ಬಳಸಿ ಕೇಳಿದ್ದೀಯ. ಲಿಫ್ಟ್ ಕಂಪನಿಯ ಕೆಲಸ ಬಿಟ್ಟು ಗೆಳೆಯನ ಜೊತೆ ಹಳೆಯ ಸ್ಪೋರ್ಟ್ಸ್ ಕಾರುಗಳ ಗ್ಯಾರೇಜು ತೆರೆಯಬಹುದಾ, ಆರು ವರ್ಷದಿಂದ ಇಂಜಿನ್ ಮುಟ್ಟದ ಕೈಯನ್ನು ನಂಬಬಹುದಾ ಎಂದು. ಕೊನೆಗೆ, “ಅಕ್ಕ, ನೀನು ಬೇಡ ಅಂದ್ರೆ ಬೇಡ. ಮಾರ್ಚ್ ಮುಗಿಯೋದ್ರೊಳಗೆ ಅವನಿಗೆ ಹೇಳಬೇಕು” ಎಂದು ಬರೆದಿದ್ದೀಯ. ಮೂವತ್ತೆಂಟು ವರ್ಷದ ಗಂಡಸು, ಒಂದು ಮಗುವಿನ ತಂದೆ, ಅಕ್ಕನ ಅಪ್ಪಣೆಗೆ ಕಾದು ಕೂತಿದ್ದಾನೆ. ಓದಿ ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಉತ್ತರಕ್ಕೆ ಆಮೇಲೆ ಬರುತ್ತೇನೆ, ಮೊದಲು ಇಲ್ಲಿಯ ಸುದ್ದಿ ಕೇಳು.

ಲಿಫ್ಟ್ ಬಗ್ಗೆ ಮಾತ್ರ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಅದೂ ಒಂದು ಯಂತ್ರವೇ? ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ನಡುವೆ ನಿಂತರೆ ಒಳಗಿದ್ದವರು ಕಿರುಚುತ್ತಾರೆ. ನಾಲ್ಕು ಸಿಲಿಂಡರಿನ ಸದ್ದು ಕೇಳಿ ಮೂರನೆಯದು ಸರಿಯಿಲ್ಲ ಎಂದು ಹೇಳುತ್ತಿದ್ದ ಕಿವಿಯನ್ನು ತೆಗೆದುಕೊಂಡು ಹೋಗಿ ಆ ಪೆಟ್ಟಿಗೆಗೆ ಒಪ್ಪಿಸಿದ್ದೀಯ.

ನಮ್ಮ ಎದುರಿಗೆ ಒಂದು ಹೊಸ ಗ್ಯಾರೇಜು ಬಂದಿದೆ. ನೆಲದಿಂದ ಸೂರಿನವರೆಗೆ ಗಾಜು, ಒಳಗೆ ಸೋಫಾ, ಮೀನಿನ ತೊಟ್ಟಿ. ಮಾಲೀಕ ಟೈ ಕಟ್ಟುತ್ತಾನೆ. ನಾನು ಅವನನ್ನು ಗಾಜಿನವನು ಎನ್ನುತ್ತೇನೆ. ಅವನು ಕಾರಿನ ಕೆಳಗೆ ಮಲಗಿದ್ದನ್ನು ಈ ಬೀದಿಯಲ್ಲಿ ಯಾರೂ ಕಂಡಿಲ್ಲ, ಅವನ ಬಿಳಿ ಅಂಗಿಯೇ ಅದಕ್ಕೆ ಸಾಕ್ಷಿ. ಕಾರು ಬಂದ ಕೂಡಲೇ ಕಂಪ್ಯೂಟರಿನ ವೈರು ಚುಚ್ಚಿ, ಪರದೆ ನೋಡಿ, ಪರದೆ ಹೇಳಿದ ಭಾಗ ಬದಲಾಯಿಸುತ್ತಾನೆ. ಐವತ್ತು ವರ್ಷದ ಕಾರಿಗೆ ಆ ವೈರು ಚುಚ್ಚಲು ಜಾಗವೇ ಇಲ್ಲ. ಜಾಗ ಹುಡುಕಿ ಹುಡುಕಿ ಒಮ್ಮೆ ಗ್ಲವ್ ಬಾಕ್ಸಿನೊಳಗೆ ಕೈ ಹಾಕಿ ಕೂತಿದ್ದನಂತೆ. ಇಂಥವನಿಗೆ ಊರೆಲ್ಲ ಸಲಾಮು.

ಹಲ್ಲಿನ ಡಾಕ್ಟರೂ ಅವನ ಹತ್ತಿರ ಹೋಗಿದ್ದರು. ಹೌದು, ಅದೇ ಹಲ್ಲಿನ ಡಾಕ್ಟರು, ಅದೇ ಕಡುಹಸಿರು ಬಣ್ಣದ ಎರಡು ಸೀಟಿನ ಕಾರು. ನೀನು ಮರೆತಿರಲಾರೆ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಿನ್ನ ಹೆಂಡತಿಗೆ ನೀನು ನನ್ನ ಮರ್ಯಾದೆ ಉಳಿಸಲು ಬೇರೆ ಥರ ಹೇಳಿರುತ್ತೀಯ.

ಆರು ವರ್ಷದ ಹಿಂದೆ ಆ ಕಾರು ಇಪ್ಪತ್ತು ನಿಮಿಷ ಓಡಿ ನಿಂತುಬಿಡುತ್ತಿತ್ತು. ತಣ್ಣಗಾದರೆ ಮತ್ತೆ ಓಡುತ್ತಿತ್ತು. ವೈರಿಂಗ್ ನನ್ನದು, ಇಂಜಿನ್ ನಿನ್ನದು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಇಲ್ಲವೆಂದ ಮೇಲೆ ಅದು ನಿನ್ನ ಪಾಲಿಗೆ ಬಂತು. ನೀನು ಮೂರು ಸಲ ಕಾರ್ಬ್ಯುರೇಟರ್ ಬಿಚ್ಚಿದೆ. ಮೂರನೆಯ ಸಲ, ಪೆಟ್ರೋಲ್ ಬರುತ್ತಿಲ್ಲ ನಿಜ, ಆದರೆ ತಪ್ಪು ಪೆಟ್ರೋಲಿನದಲ್ಲ, ಡಿಕ್ಕಿಯಲ್ಲಿರುವ ಪಂಪಿಗೆ ಕರೆಂಟು ಸರಿಯಾಗಿ ಸಿಗುತ್ತಿಲ್ಲ ಅನ್ನಿಸುತ್ತದೆ ಎಂದು ಹೇಳಿದೆ. ನನ್ನ ಕೆಲಸದಲ್ಲಿ ಮೂಗು ತೂರಿಸಬೇಡ ಎಂದು ನಾನು ಗದರಿದೆ. ಮರುದಿನ ಡಾಕ್ಟರ ಅತ್ತೆ ಕೂತಿದ್ದಾಗ ಏರುದಾರಿಯ ತಿರುವಿನಲ್ಲಿ ಕಾರು ನಿಂತು, ಹಿಂದೆ ಬಸ್ಸುಗಳು ಎರಡು ಗಂಟೆ ಹಾರ್ನ್ ಹೊಡೆದವು. ಡಾಕ್ಟರು ಬಂದು ಕೂಗಾಡಿದರು. ಗ್ಯಾರೇಜಿನಲ್ಲಿ ಆರು ಜನ ಗಿರಾಕಿಗಳಿದ್ದರು. ಅವರೆಲ್ಲರ ಮುಂದೆ ನಾನು ಹೇಳಿದೆ: “ಇವನ ಕೈಗೆ ಸ್ಪ್ಯಾನರ್ ಕೊಟ್ಟಿದ್ದೇ ನಮ್ಮಪ್ಪ ಮಾಡಿದ ತಪ್ಪು.” ನೀನು ಕೈ ತೊಳೆದು, ಸ್ಪ್ಯಾನರ್ ಒರೆಸಿ, ಮೊಳೆಗೆ ನೇತುಹಾಕಿ ಹೊರಟುಹೋದೆ. ಅದು ಇನ್ನೂ ಆ ಮೊಳೆಯಲ್ಲೇ ಇದೆ. ಯಾರೂ ಮುಟ್ಟಿಲ್ಲ.

ಸರಿ, ಡಾಕ್ಟರ ವಿಷಯಕ್ಕೆ ಬರುತ್ತೇನೆ. ಆರು ವರ್ಷದಲ್ಲಿ ಮೂರು ಗ್ಯಾರೇಜು ಸುತ್ತಿದ್ದಾರೆ. ನಾಲ್ಕು ಪಂಪು, ಎರಡು ಕಾರ್ಬ್ಯುರೇಟರ್, ಒಂದು ಹೊಸ ಟ್ಯಾಂಕು. ಪ್ರತಿ ಸಲವೂ ಒಂದು ತಿಂಗಳು ನೆಟ್ಟಗೆ ಓಡುವುದು, ಮತ್ತೆ ನಿಲ್ಲುವುದು. ಕಾರು ಓಡಿಸಲು ತೊಗಲಿನ ಕೈಗವಸು ಹಾಕಿಕೊಳ್ಳುವ ಮನುಷ್ಯ ಅವರು. ಭಾನುವಾರ ಮಾತ್ರ ಓಡಿಸುತ್ತಾರೆ, ಅದೂ ಬಿಸಿಲು ಹದವಾಗಿದ್ದರೆ. ಬಾನೆಟ್ ಎತ್ತಿದರೆ ಯಾವುದು ಬ್ಯಾಟರಿ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಆದರೂ ಪ್ರತಿ ಮೆಕ್ಯಾನಿಕ್ಕಿಗೂ ಉಪದೇಶ. ಕೊನೆಗೆ ಗಾಜಿನವನು ಕೈ ಚೆಲ್ಲಿದ ಮೇಲೆ, ಮೂರು ವಾರದ ಹಿಂದೆ, ಎಳೆಸಿಕೊಂಡು ನನ್ನ ಬಾಗಿಲಿಗೆ ಬಂದರು.

ಗಾಜಿನವನು ಅವರ ಮುಂದೆ ನಮ್ಮ ದಾರವನ್ನು ಗೇಲಿ ಮಾಡಿದ್ದನಂತೆ. ಅಪ್ಪನ ಪದ್ಧತಿ ಗೊತ್ತಲ್ಲ, ಪ್ರತಿ ಜಾಯಿಂಟಿಗೂ ಕಟ್ಟಿದವರ ಬಣ್ಣದ ದಾರ ಸುತ್ತಬೇಕು, ಅಮ್ಮನ ಹೊಲಿಗೆ ಡಬ್ಬಿಯದು. ಅಪ್ಪನದು ಬಿಳಿ, ನಿನ್ನದು ಹಳದಿ, ನನ್ನದು ನೀಲಿ. ಕಟ್ಟಿದವರು ತಾವೇ ಪರೀಕ್ಷೆ ಮಾಡುವ ಹಾಗಿಲ್ಲ. ಇನ್ನೊಬ್ಬರು ಬಂದು, ಎಳೆದು, ಮೀಟರಿಟ್ಟು ನೋಡಿದ ಮೇಲೆಯೇ ಕಾರು ಹೊರಗೆ. ಬಾನೆಟ್ಟಿನೊಳಗೆ ಆ ದಾರಗಳನ್ನು ಕಂಡು, ಇದು ಕಾರೋ ಲಂಗವೋ ಎಂದು ಕೇಳಿದನಂತೆ. ಪರದೆ ನೋಡಿ ಬದುಕುವವನಿಗೆ ಕೈಗುರುತಿನ ಬೆಲೆ ಎಲ್ಲಿಂದ ಗೊತ್ತಾಗಬೇಕು.

ನಾನು ಕಾರು ತೆಗೆದುಕೊಂಡು ಹೊರಟೆ. ಇಪ್ಪತ್ತೆರಡು ನಿಮಿಷಕ್ಕೆ ನಿಂತಿತು. ಕಾರ್ಬ್ಯುರೇಟರ್ ಬಿಚ್ಚಿ ನೋಡಿದರೆ ಅದರೊಳಗಿನ ಪೆಟ್ರೋಲ್ ಬಟ್ಟಲು ಒಣಗಿತ್ತು. ಡಿಕ್ಕಿಗೆ ಕಿವಿಯಿಟ್ಟರೆ ಪಂಪಿನ ಟಿಕ್ ಟಿಕ್ ಇಲ್ಲ. ಸ್ಪ್ಯಾನರಿನ ಹಿಡಿಯಿಂದ ಒಂದು ತಟ್ಟು ಕೊಟ್ಟೆ, ಟಿಕ್ ಎಂದಿತು. ಇಷ್ಟು ಕಂಡದ್ದೇ ತಡ, ಉಳಿದ ಪಂಡಿತರೆಲ್ಲ ಪಂಪು ಹೋಗಿದೆ ಎಂದು ಷರಾ ಬರೆದು ಹೊಸದು ಹಾಕಿದ್ದಾರೆ. ನಾನು ವೈರುಗಳನ್ನು ಪಂಪಿನ ಕಡೆಯಿಂದ ಮಾತ್ರ ಕಳಚಿ, ಪಂಪು ಬಿಚ್ಚಿ ಮೇಜಿನ ಮೇಲಿಟ್ಟು ಬ್ಯಾಟರಿ ಕೊಟ್ಟೆ. ದಿನವಿಡೀ ಬಡಿಯಿತು. ಮೇಜಿನ ಮೇಲೆ ಆರೋಗ್ಯವಾಗಿರುವುದು ಕಾರಿನಲ್ಲಿ ಯಾಕೆ ಸಾಯುತ್ತದೆ ಎಂದು ಕೇಳಿಕೊಳ್ಳಲು ಕಂಪ್ಯೂಟರ್ ಬೇಕಾಗಿಲ್ಲ.

ಪಂಪನ್ನು ಮತ್ತೆ ಕೂರಿಸಿ, ಓಡಿಸಿ, ನಿಂತ ಜಾಗದಲ್ಲೇ ಮೀಟರ್ ತೆಗೆದೆ. ಪಂಪಿಗೆ ಬರುವ ವೈರಿನಲ್ಲಿ ಹನ್ನೆರಡು ವೋಲ್ಟ್ ಸರಿಯಾಗಿಯೇ ಇದೆ. ಎಲ್ಲರೂ ಅಲ್ಲಿಗೇ ನಿಲ್ಲಿಸಿದ್ದಾರೆ. ಬಂದ ಕರೆಂಟು ವಾಪಸ್ಸು ಹೋಗಬೇಕು ಎಂಬುದು ಈ ಊರಿನಲ್ಲಿ ಯಾರಿಗೂ ಹೊಳೆದಿಲ್ಲ. ಆ ಪಂಪು ರಬ್ಬರಿನ ಮೇಲೆ ಕೂತಿರುತ್ತದೆ, ಅದರ ಅರ್ತ್ ವೈರು ಒಂದೇ ವಾಪಸ್ಸು ದಾರಿ. ಮೀಟರಿನ ಒಂದು ತುದಿ ಪಂಪಿನ ಮೈಗೆ, ಇನ್ನೊಂದು ಬ್ಯಾಟರಿಯ ಅರ್ತ್‌ಗೆ. ಸೊನ್ನೆ ತೋರಿಸಬೇಕಾದ ಮುಳ್ಳು ಏಳರ ಹತ್ತಿರ ಹೋಗಿ ನಿಂತಿತು.

ಡಿಕ್ಕಿಯ ಚಾಪೆ ಎತ್ತಿ ಸ್ಕ್ರೂ ಬಿಚ್ಚಿದೆ. ವೈರಿನ ತುದಿಯ ತಾಮ್ರದ ಉಂಗುರದ ಕೆಳಗೆ ಬಣ್ಣ! ಎರಡು ಕೋಟು ಕಡುಹಸಿರು, ಕನ್ನಡಿಯ ಹಾಗೆ ನಯ. ತಗಡು ಕೆರೆದು ಬರಿಮೈ ಮಾಡಿ ಕೂರಿಸಬೇಕಾದ ಅರ್ತನ್ನು ಕರೆಂಟು ದಾಟದ ಬಣ್ಣದ ಮೇಲೆ ಕೂರಿಸಿದ್ದಾರೆ. ಸ್ಕ್ರೂವಿನ ಅಂಚು ಹೇಗೋ ತಗಡಿಗೆ ತಾಗಿಕೊಂಡು ಒಂದಿಷ್ಟು ದಿನ ನಡೆಯುತ್ತಿತ್ತು. ಕೆಳಗಿನ ಸೈಲೆನ್ಸರ್ ಕಾದು, ರಸ್ತೆ ಕುಲುಕಿ ಸಡಿಲವಾದ ಮೇಲೆ ಅದೂ ಇಲ್ಲ. ಪಂಪು ಬದಲಾಯಿಸುವಾಗಲೆಲ್ಲ ಆ ಸ್ಕ್ರೂವನ್ನೂ ಬಿಚ್ಚಿ ಬಿಗಿ ಮಾಡುತ್ತಿದ್ದರು, ಹಾಗಾಗಿ ಒಂದು ತಿಂಗಳು ಓಟ, ಪ್ರತಿಯೊಬ್ಬನಿಗೂ ಒಂದು ತಿಂಗಳ ಹೆಸರು.

ಡಾಕ್ಟರನ್ನು ಕರೆಸಿ ತೋರಿಸಿದೆ. ಇದನ್ನು ಮಾಡಿದವರ ಕೈಗೆ ಟೇಬಲ್ ಫ್ಯಾನ್ ಕೂಡ ಕೊಡಬಾರದು ಎಂದೆ. ಕೆಲಸಕ್ಕಿಂತ ಅಂದ ದೊಡ್ಡದೆಂದುಕೊಂಡ ಜಂಬದ ಪ್ರಾಣಿ, ತನ್ನ ಕೈಗೆ ತಾನೇ ನಮಸ್ಕಾರ ಮಾಡಿಕೊಳ್ಳುವ ಜಾತಿ, ಇಂಥವರಿಗಿಂತ ಗಾಜಿನವನು ವಾಸಿ, ಅವನಿಗೆ ಗೊತ್ತಿಲ್ಲ ಎಂಬುದಾದರೂ ಎಲ್ಲರಿಗೂ ಗೊತ್ತು ಎಂದೆ. ಡಾಕ್ಟರು ನಕ್ಕರು. ಏನೋ ಕೇಳಿದರು, ನಾನೂ ಏನೋ ಹೇಳಿದೆ. ಆ ವೈರಿನ ತುದಿ ಕತ್ತರಿಸಿ ಮೇಜಿನ ಮೇಲಿಟ್ಟುಕೊಂಡಿದ್ದೇನೆ.

ಸಾಕು, ಕೈ ನೋಯುತ್ತಿದೆ. ನಿನ್ನ ಪ್ರಶ್ನೆಗೆ ಇನ್ನೊಮ್ಮೆ ಯೋಚಿಸಿ ಬರೆಯುತ್ತೇನೆ. ನೀನು ಬರೆದ ಹಾಳೆಯ ತಲೆಯ ಮೇಲೆ ಆ ಗೆಳೆಯ ಅಚ್ಚು ಹಾಕಿಸಿದ ಗ್ಯಾರೇಜಿನ ಹೆಸರು ಕಂಡು ನನಗೇನೂ ಸಂತೋಷವಾಗಲಿಲ್ಲ. ಗ್ಯಾರೇಜು ತೆರೆಯುವ ಮೊದಲೇ ಅಚ್ಚು ಹಾಕಿಸುವವನನ್ನು ಸ್ವಲ್ಪ ದೂರ ಇಟ್ಟುಕೋ. ಹೆಂಡತಿಯನ್ನು ಚೆನ್ನಾಗಿ ನೋಡಿಕೋ, ಮಗುವಿಗೆ ದೃಷ್ಟಿಯಾಗದಿರಲಿ. ನೂರು ವರ್ಷ ಬಾಳು, ಎಣ್ಣೆ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಬೇಡ.

ಇಂತಿ,
ನಿನ್ನ ಅಕ್ಕ

ಮರೆತ ಮಾತು, ಮಾರ್ಚ್ ೧೯:

ಮರೆತ ಮಾತು ಎಂದು ಬರೆದದ್ದು ಸುಳ್ಳು. ಮರೆತಿರಲಿಲ್ಲ.

ನಿನ್ನೆ ಲಕೋಟೆಗೆ ಗೋಂದು ಹಚ್ಚುವಾಗ ಅಮ್ಮ ಕತ್ತರಿ ಹುಡುಕಿಕೊಂಡು ಬಂದಳು. ಮೇಜಿನ ಮೇಲಿದ್ದ ವೈರಿನ ತುದಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

“ನೀಲಿ ದಾರ ಅಲ್ವಾ ಇದು?”

ಹೂಂ ಎಂದೆ.

“ಅವನಿಗೆ ಬರೆದಿದೀಯಾ?”

ನಾನು ಗೋಂದಿನ ಡಬ್ಬಿ ಮುಚ್ಚಿದೆ. ಅವಳು ಅದನ್ನು ಲಕೋಟೆಯ ಮೇಲಿಟ್ಟು, ಕತ್ತರಿ ತೆಗೆದುಕೊಂಡು ಹೋದಳು.

ಆ ಜಾಯಿಂಟು ನನ್ನದು. ಆ ವರ್ಷ ಡಿಕ್ಕಿಯ ತುಕ್ಕು ಕತ್ತರಿಸಿ ಹೊಸ ತಗಡು ಕೂರಿಸಿದ ಮೇಲೆ ಬಣ್ಣ ಹಚ್ಚಿದವಳು ನಾನು. ಚಾಪೆಯ ಕೆಳಗೆ ಯಾರಿಗೂ ಕಾಣುವುದಿಲ್ಲ, ಆದರೂ ಬರಿ ತಗಡು ನೋಡಲು ನನ್ನಿಂದಾಗಲಿಲ್ಲ. ಎರಡು ಕೋಟು ಬಳಿದು, ಒಣಗಿದ ಮೇಲೆ ಅದರ ಮೇಲೆಯೇ ವೈರು ಕೂರಿಸಿದೆ. ನೀನು ಪದ್ಧತಿಯ ಪ್ರಕಾರ ಮೀಟರ್ ಹಿಡಿದು ಬಂದೆ. ನನ್ನ ಜಾಯಿಂಟನ್ನು ನೀನು ನೋಡಬೇಕಾಗಿಲ್ಲ, ಹೋಗಿ ನಿನ್ನ ಪೆಟ್ರೋಲ್ ನೋಡಿಕೋ ಎಂದು ಮೀಟರ್ ಕಿತ್ತುಕೊಂಡೆ. ನೀನಿರುವ ತನಕ ಅಪ್ಪನ ನಿಯಮ ಈ ಗ್ಯಾರೇಜಿನಲ್ಲಿ ಮುರಿದದ್ದು ಅದೊಂದೇ ಸಲ. ಮೇಲೆ ಆ ಜಂಬದ ಪ್ರಾಣಿಯ ಬಗ್ಗೆ ಬರೆದದ್ದನ್ನೆಲ್ಲ ಇನ್ನೊಮ್ಮೆ ಓದಿಕೋ. ಒಂದಕ್ಷರವನ್ನೂ ವಾಪಸ್ಸು ತೆಗೆದುಕೊಳ್ಳುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಡಾಕ್ಟರು ಏನೋ ಕೇಳಿದರು ಎಂದು ಬರೆದೆನಲ್ಲ. “ನಿಮ್ಮ ತಮ್ಮನ ಕೆಲಸ ಇರಬೇಕು, ಅಲ್ವಾ?” ಎಂದು ಕೇಳಿದ್ದರು. ನೀಲಿ ದಾರ ನನ್ನ ಮುಷ್ಟಿಯೊಳಗಿತ್ತು. ನಾನು ಹೌದು ಎಂದೆ. ಆರು ವರ್ಷದ ಹಿಂದೆ ಅಂದದ್ದು ತಿಳಿಯದೆ ಅಂದದ್ದು. ಇದು ತಿಳಿದೂ ಅಂದದ್ದು. ಹೀಗೆ ಅಂದು ಎರಡು ವಾರವಾಯಿತು ತಮ್ಮ.

ಇವತ್ತು ಬೆಳಿಗ್ಗೆ ಅವರ ಕ್ಲಿನಿಕ್ಕಿಗೆ ಹೋದೆ. ಕಾಯಲು ಹೇಳಿದರು, ಕಾಯಲಿಲ್ಲ. ತಪ್ಪು ನನ್ನದು, ಆಗಲೂ ನನ್ನದೇ, ನನ್ನ ತಮ್ಮ ಹೇಳಿದ್ದೇ ಸರಿಯಾಗಿತ್ತು ಎಂದು ಬಾಗಿಲಲ್ಲೇ ನಿಂತು ಹೇಳಿದೆ. ನಿನ್ನನ್ನು ಅಂದದ್ದು ಆರು ಜನರ ಮುಂದೆ. ವಾಪಸ್ಸು ತೆಗೆದುಕೊಳ್ಳುವಾಗ ಸಿಕ್ಕಿದ ಸಾಕ್ಷಿ ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಮಲಗಿದ್ದ ಒಬ್ಬ ರೋಗಿ ಮಾತ್ರ, ಅವನಿಗೂ ಮಾತು ಬರುವ ಸ್ಥಿತಿಯಿರಲಿಲ್ಲ.

ಗ್ಯಾರೇಜು ತೆರೆ. ನಿನ್ನ ಕೈಗೆ ಏನೂ ಆಗಿರಲಿಲ್ಲ. ಇಷ್ಟು ಬರೆಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅದರಲ್ಲಿ ಕೊನೆಯ ಎರಡು ವಾರ ಬರೀ ಹೇಡಿತನ.

ವೈರಿನ ತುದಿಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ದಾರ ಬಿಚ್ಚಿಲ್ಲ. ನಿನ್ನ ಹೆಂಡತಿಗೆ ತೋರಿಸು. ತಗಡು ಕೆರೆದು ಹೊಸ ಜಾಯಿಂಟು ಕಟ್ಟಿದ್ದೇನೆ, ನೀಲಿ ದಾರವನ್ನೂ ಸುತ್ತಿದ್ದೇನೆ. ಕಾರು ಇಲ್ಲೇ ನಿಂತಿದೆ. ಡಾಕ್ಟರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಾರೆ, ಇನ್ನೊಬ್ಬರು ನೋಡುವ ತನಕ ಬಿಡುವುದಿಲ್ಲ ಎಂದಿದ್ದೇನೆ. ಮೀಟರನ್ನು ನಿನ್ನ ಸ್ಪ್ಯಾನರಿನ ಪಕ್ಕದ ಮೊಳೆಗೆ ಹಾಕಿಟ್ಟಿದ್ದೇನೆ. ಬಂದು ನೋಡಿ ಹೋಗು.