ಒಂದಡಿ ಕೆಳಗಿದ್ದ ರಿಂಗ್

ಬಳ್ಳಾರಿ, ಶನಿವಾರ

ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ನೂತನ ತರಬೇತುದಾರರಾದ ಶ್ರೀ ಹುಲಿಗೇಶ್ ಅವರಿಗೆ ನಮಸ್ಕಾರಗಳು.

ಹಿಂದಿನ ತರಬೇತುದಾರರು ಬೇರೆ ಕಾಲೇಜಿಗೆ ಹೋಗುವಾಗ ನಾಲ್ವರು ಆಟಗಾರ್ತಿಯರನ್ನು ಜೊತೆಗೆ ಕರೆದೊಯ್ದರು. ನನ್ನ ಹಳೆಯ ವಿದ್ಯಾರ್ಥಿನಿ ಪೂಜಿತಾಳನ್ನೂ ಕರೆದಿದ್ದರು. “ಎಲ್ಲಾರೂ ಹೋದ್ರ ಇಲ್ಲಿ ಆಡೋರು ಯಾರ್ರಿ ಸರ್?” ಎಂದು ಆಕೆ ಉಳಿದಳು. ಈಗ ತಾವು ಕರೆತಂದ ಹೊಸಬರು ಆಡುತ್ತಾರೆ, ಆಕೆ ಬೆಂಚಿನ ಮೇಲೆ ಕೂರುತ್ತಾಳೆ. ಆಕೆ ಎಸೆದ ಚೆಂಡು ಸದಾ ರಿಂಗಿನ ಮುಂದಿನ ಅಂಚಿಗೇ ತಗಲುತ್ತದೆ, ತೋಳಿನಲ್ಲಿ ಬಲವಿಲ್ಲ ಎಂದು ತಾವು ಹೇಳಿದಿರಂತೆ.

ಬಲವಿದೆ. ತಪ್ಪು ನನ್ನದು. ರಾರಾವಿಯ ನಮ್ಮ ಶಾಲೆಯಲ್ಲಿ ರಿಂಗನ್ನು ಒಂದಡಿ ಕೆಳಗೆ ಹಾಕಿಸಿದವಳು ನಾನು. “ಅಳತಿ ಕಮ್ಮಿ ಆಗ್ತೈತ್ರಿ ಟೀಚರಮ್ಮ” ಎಂದ ಗಾರೆ ಕೆಲಸದ ಗೌಂಡಿಗೆ, “ಹುಡುಗಿಯರಿಗೆ ಇಷ್ಟು ಸಾಕು” ಎಂದಿದ್ದೆ. ಐದು ವರ್ಷ ಆಕೆ ಆ ಎತ್ತರಕ್ಕೇ ಎಸೆದು ಕಲಿತಳು.

ಅಭ್ಯಾಸ ಮುಗಿದ ಮೇಲೆ ದಿನಕ್ಕೆ ಅರ್ಧ ಗಂಟೆ ಆಕೆಗೆ ಅಂಕಣ ಬಿಟ್ಟುಕೊಡಬೇಕೆಂದು ಕೋರುತ್ತೇನೆ. ಆಕೆ ಊರಿಗೆ ಮರಳಲು ಸಿರುಗುಪ್ಪದ ಬಸ್ಸಿಗೆ ಓಡಬೇಕಿಲ್ಲ. ಇನ್ನು ಇಲ್ಲಿ ಬಳ್ಳಾರಿಯ ನನ್ನ ಮನೆಯಲ್ಲೇ ಇರುತ್ತಾಳೆ.

ನಿನ್ನೆ ರಾರಾವಿಗೆ ಹೋಗಿ, ಅದೇ ಗೌಂಡಿಯನ್ನು ಕರೆಸಿ, ರಿಂಗನ್ನು ಒಂದಡಿ ಮೇಲಕ್ಕೆ ಹಾಕಿಸಿ ಬಂದೆ.

ತಮ್ಮ ವಿಶ್ವಾಸಿ,
ವಿರೂಪಮ್ಮ
ನಿವೃತ್ತ ಮುಖ್ಯೋಪಾಧ್ಯಾಯಿನಿ