ನಲ್ಲಿ ಮುಟ್ಟದ ಮಗಳು

ಯಜಮಾನರಿಗೆ,

ನೀವು ಇದನ್ನು ಓದುವುದಿಲ್ಲ ಎಂದು ಗೊತ್ತು. ಬದುಕಿದ್ದಾಗಲೂ ನನ್ನ ಮಾತು ನಿಮ್ಮ ಕಿವಿಗೆ ಬಿದ್ದದ್ದು ಅಷ್ಟರಲ್ಲೇ ಇತ್ತು.

ನಿಮ್ಮ ಹೊಲಿಗೆ ಅಂಗಡಿ ನಡೆಸುವ ಮಗಳಿಗೂ ಮೂತ್ರದಲ್ಲಿ ನೊರೆ ಬರುತ್ತಿತ್ತು, ನಿಮಗೆ ಬರುತ್ತಿದ್ದ ಹಾಗೆಯೇ. ಇವತ್ತು ಬೆಳಿಗ್ಗೆ ಪರೀಕ್ಷೆಯ ಡಬ್ಬಿ ಹಿಡಿದು ಬಚ್ಚಲಿಗೆ ಹೋದಳು. ನಾನು ಬಾಗಿಲಿಗೆ ಕಿವಿಗೊಟ್ಟು ನಿಂತೆ.

"ಎರಡು ಮಕ್ಕಳ ತಾಯಿ ನಾನು. ಹೊರಗ್ಯಾಕಮ್ಮ ಕಾವಲು?"

"ನಿಮ್ಮಪ್ಪನ ಮಗಳಲ್ವಾ, ಹೇಗೆ ನಂಬೋದು?" ಎಂದೆ.

ನೀವಾದರೋ ಡಬ್ಬಿಗೆ ನಲ್ಲಿ ನೀರು ಬೆರೆಸಿ ಕೊಟ್ಟು, ಎಲ್ಲ ಸರಿಯಿದೆ ಎಂದು ಬಂದ ರಿಪೋರ್ಟು ತೋರಿಸಿ ಮೀಸೆ ತಿರುವಿದವರು.

ಸಂಜೆ ರಿಪೋರ್ಟು ಬಂತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಂತೆ. ಡಾಕ್ಟರು ರಕ್ತ ತೆಗೆಸಿ, ಬಿ.ಪಿ. ನೋಡಿ, "ಕಿಡ್ನಿಗೆ ಈಗಷ್ಟೇ ಪೆಟ್ಟು ಶುರುವಾಗಿದೆ. ಬೇಗ ಬಂದ್ರಿ, ಉಳಿಸ್ಕೋಬಹುದು" ಎಂದು ಮಾತ್ರೆ ಬರೆದರು. ಉಪ್ಪು ಕಡಿಮೆ ಮಾಡಬೇಕಂತೆ. ತಿಂಗಳು ಬಿಟ್ಟು ಮತ್ತೆ ಪರೀಕ್ಷೆ.

ಹೊರಗೆ ಬಂದಾಗ ಮಗಳು, "ನೀರು ಬೆರೆಸದೇ ಇದ್ದಿದ್ರೆ ಅಪ್ಪನಿಗೂ ಹೀಗೇ ಹೇಳ್ತಿದ್ರೇನೋ" ಎಂದಳು. ನಾನು ಬಸ್ಸು ಬಂತೇನೋ ಎಂದು ಆ ಕಡೆ ನೋಡಿದೆ.

ಅವಳ ಮೂಗು ನಿಮ್ಮದು, ಹಟವೂ ನಿಮ್ಮದೇ. ಆದರೆ ಬೆಳಿಗ್ಗೆ ಬಚ್ಚಲಿನಿಂದ ನಲ್ಲಿಯ ಸದ್ದು ಬರಲಿಲ್ಲ. ಅಷ್ಟು ಮಾತ್ರ ನನ್ನದು.