ಬಾಲ ಹರಿದ ಮೀನು

ಮಾರ್ಚ್ 4, ಬೆಳಿಗ್ಗೆ 10
ಇಷ್ಟು ಹೊತ್ತಿಗೇ ಹನ್ನೊಂದು ಮೀನು. ಅಣೆಕಟ್ಟಿನಲ್ಲಿ ಮೀನು ಮೇಲೆ ಹತ್ತಲು ಕಟ್ಟಿದ ಮೆಟ್ಟಿಲ ಪಕ್ಕದ ಗಾಜಿನ ಕಿಟಕಿ, ಸ್ಟೂಲು, ನಾನು. ಹತ್ತಿ ಬಂದ ಪ್ರತಿ ಕೆಂಪುರೆಕ್ಕೆ ಮೀನಿಗೂ ಒಂದು ಗೀಟು. ಸೊಂಟ ಹಿಡಿದುಕೊಂಡಿದೆ. ಸೀಸನ್ನಿಗೆ ಐನೂರು ದಾಟದಿದ್ದರೆ ಗೇಟು ತೆಗೆದು ನೀರು ಬಿಡಬೇಕು. ಕೆಳಗಿನ ಹೊಳೆಯಲ್ಲಿ ಮೊಟ್ಟೆಯಿಡಲು ಇವಕ್ಕೆ ತುಂಬು ಸೆಳವು ಬೇಕು. ದಾಟಿದರೆ ಬೇಡ, ಮೇಲೆ ಹೋಗಿ ಇಟ್ಟುಕೊಳ್ಳುತ್ತವೆ... ಎಂದು ನಿಯಮ.

ಮಾರ್ಚ್ 19
ಐನೂರಾ ಮೂರು! ಎಂಜಿನಿಯರ್ ಸಾಹೇಬರು ಖುದ್ದು ಇಳಿದು ಬಂದರು. "ನಿಮ್ಮ ಕೈಗುಣ ಚೆನ್ನಾಗಿದೆ ಮೇಡಂ. ಗೇಟು ಮುಚ್ಚೇ ಇರ್ಲಿ." ಸಹಿ ಹಾಕಿದೆ. ಖುಷಿಯಾಯಿತು, ಸುಳ್ಳೇಕೆ.

ಮಾರ್ಚ್ 23
ಅಪ್ಪ ಊಟದ ಡಬ್ಬಿ ತಂದರು. ನಲವತ್ತು ವರ್ಷ ಬಲೆ ಬೀಸಿದವರು. ಕಿಟಕಿಗೆ ಮೂಗೊತ್ತಿ ಕೂತವರು ಏಳಲೇ ಇಲ್ಲ.
"ಬಾಲ ಹರಿದಿರೋದನ್ನ ಎಷ್ಟು ಸಲ ಬರ್ದೆ? ಆಗ್ಲಿಂದ ಮೂರು ಸಲ ಹತ್ತಿತು ಕಣೆ, ಅದೇ ಮೀನು."
ನಕ್ಕುಬಿಟ್ಟೆ. "ಹತ್ತಿದ್ದು ಕೆಳಗೆ ಹ್ಯಾಗಪ್ಪಾ ಬರುತ್ತೆ?"
"ಮೇಲೆ ನೀರು ನಿಂತುಬಿಟ್ಟಿದೆ. ಸೆಳವಿಲ್ಲ. ಯಾವ ಕಡೆ ಹೋಗ್ಬೇಕು ಅಂತ ಅದಕ್ಕೆ ತಿಳಿಯಲ್ಲ. ಸುತ್ತಿ ಸುತ್ತಿ ತೂಬಲ್ಲಿ ಜಾರಿ ಕೆಳಗೆ ಬೀಳುತ್ತೆ."

ಮಾರ್ಚ್ 24
ಹರಿದ ಬಾಲದ್ದು: ನಾಲ್ಕು ಸಲ. ಬಿಳಿ ಕಲೆಯದ್ದು: ಮೂರು. ಉಳಿದವೂ ಹೀಗೆಯೇನೋ? ಫಾರ್ಮಿನಲ್ಲಿ ಕೆಳಗೆ ಹೋದ ಮೀನಿಗೆ ಕಾಲಮ್ಮೇ ಇಲ್ಲ. ಐನೂರೋ, ಐವತ್ತೋ? ತಲೆ ಚಿಟ್ಟುಹಿಡಿದಿದೆ.

ಮಾರ್ಚ್ 26
ಸಾಹೇಬರಿಗೆ ಹೇಳಿದೆ. "ಹಾಗಾದ್ರೆ ಸರಿಯಾದ ನಂಬರ್ ಎಷ್ಟು?" ಗೊತ್ತಿಲ್ಲ ಎಂದೆ. "ಗೊತ್ತಿಲ್ಲ ಅಂತ ಗೇಟು ತೆಗೆಯೋಕಾಗುತ್ತಾ? ಏಪ್ರಿಲ್ ಹತ್ತು ಕೊನೇ ದಿನ. ನಂಬರ್ ತನ್ನಿ." ಅವರ ತಪ್ಪಲ್ಲ. ನನ್ನದಾ? ಎಣಿಸು ಎಂದರು, ಎಣಿಸಿದೆ...

ಏಪ್ರಿಲ್ 9
ಎರಡು ವಾರ ಈ ಡೈರಿ ಮುಟ್ಟಲಿಲ್ಲ. ಗೀಟು ಬಿಟ್ಟು ಗುರುತು ಹಿಡಿಯುತ್ತ ಕೂತೆವು. ಅಪ್ಪ ಒಂದೊಂದಕ್ಕೂ ಅಡ್ಡಹೆಸರಿಟ್ಟರು — ಹರಕಿ, ಬಿಳಿಟೋಪಿ, ಮೊಂಡ. ಒಟ್ಟು ಮೂವತ್ತೊಂದು ಮೀನು. ಅಷ್ಟೇ. ಹಳೇ ಸಹಿಯನ್ನು ನಾನೇ ಹೊಡೆದುಹಾಕಿ ಪಟ್ಟಿ ಕೊಟ್ಟೆ. "ಅಡ್ಡಹೆಸರಿನ ಪಟ್ಟೀನಾ?" ಎಂದರು ಸಾಹೇಬರು. ನಗಲಿಲ್ಲ. ಇಟ್ಟುಕೊಂಡರು.

ಏಪ್ರಿಲ್ 10, ಸಂಜೆ 5
ಗೇಟು ಮುಚ್ಚೇ ಇದೆ. ಸಾಹೇಬರ ಫೋನೂ ಇಲ್ಲ. ಹರಕಿ ಮತ್ತೆ ಬಂದಿದ್ದಾಳೆ, ಹೊಟ್ಟೆ ತುಂಬ ಮೊಟ್ಟೆ. ಹತ್ತಬೇಡ ಕಣೆ ಎಂದು ಗಾಜು ತಟ್ಟಿದೆ. ನನಗೇನು ಹುಚ್ಚಾ?

5.40
ಸೈರನ್. ಗೇಟಾ? ಸ್ಟೂಲು ನಡುಗುತ್ತಿದೆ. ಗಾಜಿನಾಚೆ ನೀರು ಕದಡಿ ಸೆಳವು ಹುಟ್ಟಿತು, ಗೇಟು ತೆಗೆದೇಬಿಟ್ಟರು! ಹರಕಿ ಗಕ್ಕನೆ ತಿರುಗಿದಳು — ಕೆಳಮುಖ, ಬೇಕೆಂದೇ. ಹಿಂದೆಯೇ ಬಿಳಿಟೋಪಿ. ಇದಕ್ಕೆ ಕಾಲಮ್ಮಿಲ್ಲ. ಅಂಚಿನಲ್ಲೇ ಬರೆಯುತ್ತೇನೆ. ಒಂದು. ಎರಡು. ಮೂರು...